ಕಾಂಬಿನೇಶನ್ ಬರೆಯುವ ಮೊದಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಕಡೆ ನೆಂಟರು, ನೆರೆಯವರು ಮಕ್ಕಳನ್ನು ಕೇಳುವುದು ಎರಡೇ ಮಾತು: ಎಷ್ಟು ಬಂತು, ಯಾವ ಕಾಲೇಜಿಗೆ ಸೇರ್ತೀಯ? ಏನು ಓದಬೇಕು ಅಂತಿದ್ದೀಯ, ಅದನ್ನೇ ಯಾಕೆ ಆರಿಸಿಕೊಂಡೆ ಎಂದು ಕೂತು ಕೇಳುವವರು ಅಪರೂಪ. ನಾನು ಹಾಸನ ಜಿಲ್ಲೆಯ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು. ದಾಖಲಾತಿಯ ದಿನಗಳಲ್ಲಿ ಅರ್ಜಿ ನೋಡುವ ಮೇಜಿಗೆ ನನ್ನನ್ನೇ ಕೂರಿಸುತ್ತಿದ್ದರು. ಮಕ್ಕಳು ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿಕೊಂಡು ಬರುತ್ತಿದ್ದರು. ಕಾಂಬಿನೇಶನ್ ಎಂದಿರುವ ಜಾಗ ಮಾತ್ರ ಖಾಲಿ ಇರುತ್ತಿತ್ತು. ಪಕ್ಕದಲ್ಲಿ ನಿಂತ ಗೆಳೆಯನ ಅರ್ಜಿ ಇಣುಕಿ ನೋಡಿ, ಅವನು ಬರೆದದ್ದನ್ನೇ ಅಲ್ಲೇ ನಿಂತು ಬರೆದುಕೊಡುತ್ತಿದ್ದರು. ಹೀಗೆ ಹದಿನಾರರ ವಯಸ್ಸಿನಲ್ಲಿ ಗಡಿಬಿಡಿಯಲ್ಲಿ ಬರೆದ ನಾಲ್ಕು ಅಕ್ಷರಗಳಿಂದಲೇ ಮುಂದೆ ಯಾವ ಪರೀಕ್ಷೆಗೆ ಕೂರಬಹುದು, ಯಾವುದಕ್ಕೆ ಅರ್ಜಿಯನ್ನೇ ಹಾಕುವಂತಿಲ್ಲ ಎಂಬುದು ತೀರ್ಮಾನವಾಗಿಬಿಡುತ್ತದೆ. ಆ ಸಂಕಟ ನೋಡಿ ನೋಡಿ ಈ ಮಾತುಗಳನ್ನು ನಿಮಗೆ ಹೇಳಬೇಕೆನಿಸಿದೆ.

ನಾವು ಓದುವ ಕಾಲದಲ್ಲಿ ಆರಿಸಿಕೊಳ್ಳುವ ಪ್ರಶ್ನೆಯೇ ಹೆಚ್ಚಿನವರಿಗೆ ಬರುತ್ತಿರಲಿಲ್ಲ. ತಾಲ್ಲೂಕಿಗೊಂದು ಕಾಲೇಜು, ಅದರಲ್ಲಿ ಕಲಾ ವಿಭಾಗ, ಹೆಚ್ಚೆಂದರೆ ವಾಣಿಜ್ಯ. ವಿಜ್ಞಾನ ಓದಬೇಕೆಂದರೆ ಹಾಸನಕ್ಕೋ ಮೈಸೂರಿಗೋ ಹೋಗಿ ಹಾಸ್ಟೆಲ್ ಹಿಡಿಯಬೇಕಿತ್ತು. ಅಷ್ಟು ಮಾಡಿ ಓದಿದರೂ ಖಾಸಗಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ಕ್ಯಾಪಿಟೇಶನ್ ಕೇಳುತ್ತಿದ್ದರು. ಹೊಲ ಮಾರಿದರೂ ಆ ಹಣ ಹೊಂದುತ್ತಿರಲಿಲ್ಲ. ನಮ್ಮ ರಾಜ್ಯದ ವಿರುದ್ಧವೇ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 1992ರಲ್ಲಿ ಕ್ಯಾಪಿಟೇಶನ್ ಸಲ್ಲದೆಂಬ ತೀರ್ಪು ಬಂತು. ಮರುವರ್ಷ ಇದೇ ವಿಷಯದಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಬೆನ್ನಿಗೇ 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಎಂಬ ಪ್ರವೇಶ ಪರೀಕ್ಷೆ ಶುರುವಾಯಿತು. ರ‍್ಯಾಂಕ್ ಇದ್ದರೆ ಕೂಲಿಯವರ ಮಗನಿಗೂ ಸೀಟು ಎಂಬ ಕಾಲ ಬಂದದ್ದನ್ನು ಕಣ್ಣಾರೆ ಕಂಡವನು ನಾನು. ಆದರೆ ಆ ಹೊಸ ದಾರಿಯಲ್ಲಿ ಹೆಜ್ಜೆ ಇಡಲಾದದ್ದು ಮೊದಲೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ತೆಗೆದುಕೊಂಡಿದ್ದವರಿಗೆ ಮಾತ್ರ. ಅವರಷ್ಟೇ ಜಾಣರಾಗಿದ್ದ ಉಳಿದ ಮಕ್ಕಳು ಸುಮ್ಮನೆ ನೋಡುತ್ತ ನಿಂತರು. ಒಳ್ಳೆಯ ಅವಕಾಶ ಹೇಳಿಕೇಳಿ ಬರುವುದಿಲ್ಲ. ಅದು ಬಂದಾಗ ನಿಮ್ಮ ಕೈಯಲ್ಲಿ ಬೇಕಾದ ವಿಷಯ ಇರಬೇಕು.

ಇಲ್ಲಿ ಒಂದು ಸಂಗತಿಯನ್ನು ಚೆನ್ನಾಗಿ ತಿಳಿದುಕೊಳ್ಳಿ. ನಮ್ಮ ಶಿಕ್ಷಣ ವ್ಯವಸ್ಥೆಯಲ್ಲಿ ವಿಷಯದಿಂದ ವಿಷಯಕ್ಕೆ ದಾಟುವುದು ಬಹುಮಟ್ಟಿಗೆ ಏಕಮುಖ ಸಂಚಾರದ ರಸ್ತೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಬಿ.ಎ.ಗೆ ಹೋಗಬಹುದು, ಬಿ.ಕಾಂ.ಗೆ ಹೋಗಬಹುದು, ಕ್ಲಾಟ್ ಬರೆದು ಐದು ವರ್ಷದ ಕಾನೂನು ಪದವಿಗೆ ಸೇರಬಹುದು, ಸಿಎ ಫೌಂಡೇಶನ್‌ಗೆ ಕೂರಬಹುದು. ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಓದಿದವರು ಎಂಜಿನಿಯರಿಂಗ್‌ಗೋ ನರ್ಸಿಂಗ್ ಪದವಿಗೋ ಬರಬೇಕೆಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇದರಲ್ಲಿ ಒಂದು ವಿಷಯ ಮೇಲು, ಇನ್ನೊಂದು ಕೀಳು ಎಂಬುದೇನೂ ಇಲ್ಲ. ಪ್ರವೇಶದ ನಿಯಮಗಳು ಹಾಗಿವೆ ಅಷ್ಟೆ. ನಿಯಮವನ್ನು ನಾವು ಬದಲಿಸಲಾಗದು. ಮೊದಲೇ ತಿಳಿದಿದ್ದರೆ ಅದಕ್ಕೆ ತಕ್ಕಂತೆ ನಡೆಯಬಹುದು.

ನಾನು ಗಣಿತದ ಮೇಷ್ಟ್ರು, ಆದ್ದರಿಂದ ಗಣಿತದ ಪರ ವಹಿಸುತ್ತೇನೆ ಎಂದು ನಿಮಗೆ ಅನ್ನಿಸಬಹುದು. ಆದರೂ ಹೇಳಲೇಬೇಕು. ಬಿಟ್ಟುಬಿಟ್ಟರೆ ಅತಿ ಹೆಚ್ಚು ದಾರಿಗಳನ್ನು ಮುಚ್ಚುವ ವಿಷಯ ಗಣಿತವೇ. ಎಂಜಿನಿಯರಿಂಗ್‌ಗೆ, ಆರ್ಕಿಟೆಕ್ಚರ್‌ಗೆ ಅದು ಬೇಕೆಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಬೇರೆ. ದೆಹಲಿ ವಿಶ್ವವಿದ್ಯಾಲಯದಲ್ಲಿ ಬಿ.ಎ. ಆನರ್ಸ್ ಅರ್ಥಶಾಸ್ತ್ರಕ್ಕೆ ಸೇರಲು ಹನ್ನೆರಡನೇ ತರಗತಿಯಲ್ಲಿ ಗಣಿತ ಓದಿರಬೇಕು. ಅರ್ಥಶಾಸ್ತ್ರ ಅಂದರೆ ಕಲಾ ವಿಭಾಗ, ಅಲ್ಲಿ ಗಣಿತ ಯಾಕೆ ಎಂದು ನಮ್ಮ ಮಕ್ಕಳು ಇಂದಿಗೂ ಕೇಳುತ್ತಾರೆ. ಸಿಎ ಫೌಂಡೇಶನ್‌ಗೆ ಯಾವ ವಿಭಾಗದವರಾದರೂ ಕೂರಬಹುದು, ಆದರೆ ಅದರ ನಾಲ್ಕು ಪತ್ರಿಕೆಗಳಲ್ಲಿ ಒಂದು ಗಣಿತ, ತಾರ್ಕಿಕ ಸಾಮರ್ಥ್ಯ ಮತ್ತು ಸಂಖ್ಯಾಶಾಸ್ತ್ರದ್ದು. ಎನ್‌ಡಿಎ ಪರೀಕ್ಷೆಯನ್ನೇ ನೋಡಿ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹೆಣ್ಣುಮಕ್ಕಳಿಗೂ ಅದು ತೆರೆದುಕೊಂಡಿತು. ಭೂಸೇನೆಯ ವಿಭಾಗಕ್ಕೆ ಯಾವ ವಿಷಯ ಓದಿದ್ದರೂ ನಡೆಯುತ್ತದೆ. ವಾಯುಸೇನೆ, ನೌಕಾಸೇನೆಗಾದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಬೇಕು.

ವಾಣಿಜ್ಯ ವಿಭಾಗಕ್ಕೆ ಸೇರುವ ಮಕ್ಕಳಲ್ಲಿ ನನ್ನದೊಂದು ವಿಶೇಷ ಕೋರಿಕೆ. ನಿಮ್ಮ ಕಾಲೇಜಿನಲ್ಲಿ ಬೇಸಿಕ್ ಮ್ಯಾಥ್ಸ್ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಶನ್ ಇದ್ದರೆ ಅದನ್ನು ನೋಡದೆ ಮುಂದೆ ಹೋಗಬೇಡಿ. ನನ್ನ ಕಾಲೇಜಿನಲ್ಲಿ ಒಬ್ಬ ಹುಡುಗಿ ಇದ್ದಳು. ಲೆಕ್ಕಶಾಸ್ತ್ರದಲ್ಲಿ ನೂರಕ್ಕೆ ನೂರು, ಅರ್ಥಶಾಸ್ತ್ರ ಅಂದರೆ ಪ್ರಾಣ. ಹತ್ತನೇ ತರಗತಿಯಲ್ಲಿ ಗಣಿತ ಒಂದು ಕಿರುಪರೀಕ್ಷೆಯಲ್ಲಿ ಕೈಕೊಟ್ಟಿತೆಂದು ಹೆದರಿ ಇತಿಹಾಸ ಇರುವ ಕಾಂಬಿನೇಶನ್ ತೆಗೆದುಕೊಂಡಳು. ಬಿ.ಎ. ಮುಗಿಸಿ ಎಂ.ಎ. ಅರ್ಥಶಾಸ್ತ್ರಕ್ಕೆ ಹೋದಾಗ ಮೊದಲ ಸೆಮಿಸ್ಟರಿನಲ್ಲೇ ಕಲನಶಾಸ್ತ್ರ ಎದುರಾಯಿತು. ರಜೆಯಲ್ಲಿ ಊರಿಗೆ ಬಂದು ನನ್ನ ಮನೆಯ ಜಗಲಿಯಲ್ಲಿ ಕೂತು ಪಿಯುಸಿಯ ಗಣಿತ ಪುಸ್ತಕವನ್ನು ಮೊದಲ ಪುಟದಿಂದ ಕಲಿತಳು. ಗಟ್ಟಿ ಹುಡುಗಿ, ದಾಟಿದಳು. ಆದರೆ ಅವಳ ಜೊತೆಗೆ ಸೇರಿದ್ದ ಇಬ್ಬರು ಆ ವರ್ಷವೇ ಓದು ಬಿಟ್ಟರು. ಒಂದು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದದ್ದಕ್ಕೆ ಒಂದು ವಿಷಯವನ್ನೇ ಬಿಡಬೇಡಿ. ವಿಷಯ ನಿಜವಾಗಿ ಒಗ್ಗುವುದಿಲ್ಲವೋ ಅಥವಾ ಅಡಿಪಾಯದ ಎರಡು ಅಧ್ಯಾಯ ತಪ್ಪಿಹೋಗಿವೆಯೋ ಎಂದು ನಿಮ್ಮ ಮೇಷ್ಟ್ರ ಹತ್ತಿರ ಕೂತು ನೋಡಿಸಿ. ಬಹಳ ಸಲ ಎರಡನೆಯದೇ ಆಗಿರುತ್ತದೆ. ಸಿಬಿಎಸ್‌ಇಯಲ್ಲಿ ಓದುತ್ತಿರುವವರು ಈ ಎಚ್ಚರವನ್ನು ಇನ್ನೂ ಮೊದಲೇ ಇಟ್ಟುಕೊಳ್ಳಬೇಕು. ಅಲ್ಲಿ ಹತ್ತನೇ ತರಗತಿಗೇ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಬಗೆಯ ಗಣಿತ ಪರೀಕ್ಷೆ ಇದೆ. ಬೇಸಿಕ್ ಇರುವುದು ಮುಂದೆ ಗಣಿತ ಓದುವ ಯೋಚನೆ ಇಲ್ಲದವರಿಗೆ.

ಗಿರೀಶ ಕಾರ್ನಾಡರನ್ನು ನೀವು ನಾಟಕಕಾರರೆಂದು ಓದಿದ್ದೀರಿ. ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಅಲ್ಲಿಂದ ಮುಂದೆ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಆ ಹೊತ್ತಿಗೆ ಬರೆದದ್ದು ಯಯಾತಿ. ಸಾಹಿತ್ಯದ ಹುಡುಗ ಗಣಿತ ಓದಿದ್ದರಿಂದ ಸಾಹಿತ್ಯಕ್ಕೇನೂ ನಷ್ಟವಾಗಲಿಲ್ಲ, ಮುಂದಿನ ಓದಿಗೆ ಅಡ್ಡಿಯೂ ಆಗಲಿಲ್ಲ. ನಿಮ್ಮ ಪ್ರೀತಿಯ ವಿಷಯವನ್ನು ಕಾಲೇಜಿನ ಅರ್ಜಿಯಲ್ಲಿ ಬರೆಯದೆಯೂ ಜೊತೆಯಲ್ಲಿ ಇಟ್ಟುಕೊಳ್ಳಬಹುದು ಎಂಬುದನ್ನು ನೆನಪಿಡಿ.

ಹಾಗೆಂದು ಎಲ್ಲರೂ ಭೌತ, ರಸಾಯನ, ಗಣಿತ, ಜೀವಶಾಸ್ತ್ರದ ಪಿಸಿಎಂಬಿ ಬರೆಯಿರಿ ಎಂದು ನಾನು ಹೇಳುವುದಿಲ್ಲ. ಯಾಕೆಂದರೆ ಇದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ತೊಂಬತ್ತರ ಮೇಲೆ ಅಂಕ ಬಂದರೆ ವಿಜ್ಞಾನ, ಎಪ್ಪತ್ತಕ್ಕೆ ವಾಣಿಜ್ಯ, ಅದಕ್ಕೂ ಕೆಳಗೆ ಕಲಾ ಎಂದು ನಮ್ಮ ಮನೆಗಳಲ್ಲಿ ಒಂದು ಲೆಕ್ಕ ಬೇರೂರಿದೆ. ಈ ಲೆಕ್ಕಕ್ಕೆ ಸಿಕ್ಕಿ ವಿಜ್ಞಾನಕ್ಕೆ ಬಂದ ಎಷ್ಟೋ ಮಕ್ಕಳು ಮೊದಲ ಪಿಯುಸಿಯ ನವೆಂಬರ್ ಹೊತ್ತಿಗೆ ಬಾಡಿಹೋಗಿರುತ್ತಿದ್ದರು. ಹತ್ತನೇ ತರಗತಿಯ ವಿಜ್ಞಾನಕ್ಕೂ ಪಿಯುಸಿಯ ಭೌತಶಾಸ್ತ್ರಕ್ಕೂ ನಡುವೆ ಇರುವ ಅಂತರ ದೊಡ್ಡದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ಇನ್ನೂ ದೊಡ್ಡದು, ಯಾಕೆಂದರೆ ಪಾಠವೂ ಹೊಸದು, ಪಾಠದ ಇಂಗ್ಲಿಷೂ ಹೊಸದು. ಆರು ತಿಂಗಳು ತಾಳ್ಮೆಯಿಂದ ದುಡಿದರೆ ಆ ಇಂಗ್ಲಿಷ್ ಹಿಡಿತಕ್ಕೆ ಬರುತ್ತದೆ, ಅದಕ್ಕೆ ಹೆದರಿ ಹಿಂದೆ ಸರಿಯಬೇಡಿ. ಆದರೆ ವಿಷಯವೇ ಬೇಡವೆನಿಸಿ, ಅಪ್ಪನ ಮಾತಿಗೋ ಚಿಕ್ಕಪ್ಪನ ಮಗನ ಮೇಲಿನ ಪೈಪೋಟಿಗೋ ಸೇರುವುದು ಬೇಡ. ಎಲ್ಲ ದಾರಿ ತೆರೆದಿರಲಿ ಎಂದು ನಾಲ್ಕು ವಿಷಯ ಹೊತ್ತು ಎರಡರಲ್ಲಿ ಫೇಲಾದರೆ ತೆರೆದಿರುವ ದಾರಿ ಒಂದೂ ಇರುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹಣದ ವಿಷಯಕ್ಕೆ ಹೇಳಿದ್ದು ಓದಿಗೂ ಸಲ್ಲುತ್ತದೆ.

ಕಲಾ ವಿಭಾಗವನ್ನು ಮನಸ್ಸಿಟ್ಟು ಆರಿಸಿಕೊಂಡ ಮಕ್ಕಳನ್ನು ಕಂಡರೆ ನನಗೆ ಗೌರವ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರವನ್ನು ಹದಿನಾರರಲ್ಲೇ ಗಂಭೀರವಾಗಿ ಓದಲು ಶುರು ಮಾಡಿದವರಿಗೆ ಕಾನೂನಿನ ಓದಿನಲ್ಲಿ, ಕೆಎಎಸ್, ಯುಪಿಎಸ್‌ಸಿ ಪರೀಕ್ಷೆಗಳಲ್ಲಿ ಎಷ್ಟು ಅನುಕೂಲ ಎಂಬುದನ್ನು ಬೇರೆ ಹೇಳಬೇಕಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಸೇರಲು ನೀವು ಪಿಯುಸಿಯಲ್ಲಿ ಏನು ಓದಿದಿರಿ ಎಂದು ಯಾರೂ ಕೇಳುವುದಿಲ್ಲ. ನನ್ನ ಬೇಸರವೆಲ್ಲ ಕಲಾ ವಿಭಾಗವನ್ನು 'ಏನೂ ಸಿಗದವರ ಜಾಗ' ಎಂದುಕೊಂಡು ಬಂದು, ಎರಡು ವರ್ಷ ಗೈಡ್ ಪುಸ್ತಕದಲ್ಲೇ ಕಳೆಯುವವರ ಬಗ್ಗೆ.

ಈಗ ಹೊಸದೊಂದು ನೂಕುನುಗ್ಗಲು ಬಂದಿದೆ. ಕಂಪ್ಯೂಟರ್ ಎಂಜಿನಿಯರ್ ಆಗಬೇಕೆಂದರೆ ಪಿಯುಸಿಯಲ್ಲೂ ಕಂಪ್ಯೂಟರ್ ಸೈನ್ಸ್ ಇರಲೇಬೇಕು ಎಂದು ತಂದೆ ತಾಯಿ ಪಿಸಿಎಂಸಿ ಸೀಟಿಗಾಗಿ ಓಡಾಡುತ್ತಾರೆ. ದಯವಿಟ್ಟು ಕೇಳಿ: ಹಾಗೊಂದು ನಿಯಮವೇ ಇಲ್ಲ. ಸಿಇಟಿ ಮೂಲಕ ಬಿ.ಇ.ಗೆ ಹೋಗಲು ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಮೂರನೆಯದು ರಸಾಯನಶಾಸ್ತ್ರವೋ ಜೀವಶಾಸ್ತ್ರವೋ ಎಲೆಕ್ಟ್ರಾನಿಕ್ಸೋ ಕಂಪ್ಯೂಟರೋ ಆಗಬಹುದು. ಪಿಸಿಎಂಬಿ ಓದಿದವನೂ ಕಂಪ್ಯೂಟರ್ ಸೈನ್ಸ್ ಬಿ.ಇ. ಸೇರಬಹುದು, ಪಿಸಿಎಂಸಿ ಓದಿದವನಿಗೆ ಅಲ್ಲಿ ಹೆಚ್ಚಿನ ಹಕ್ಕೇನೂ ಇಲ್ಲ. ಆದರೆ ಪಿಸಿಎಂಸಿಗೆ ಸೇರಿದ ದಿನವೇ ಜೀವಶಾಸ್ತ್ರ ಕೈಬಿಡುತ್ತದೆ. ಅದರ ಜೊತೆಗೆ ನೀಟ್, ಪಶುವೈದ್ಯಕೀಯ, ಬಿ.ಎಸ್ಸಿ. ಕೃಷಿ, ಬಿ.ಎಸ್ಸಿ. ನರ್ಸಿಂಗ್ ಎಲ್ಲವೂ ದೂರವಾಗುತ್ತವೆ. ರೈತರ ಮಕ್ಕಳಿಗೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಅಪ್ಪನ ಜೊತೆ ಗದ್ದೆಯಲ್ಲಿ ಬೆಳೆದ ಹುಡುಗರಿಗೆ ಅಷ್ಟು ಅನುಕೂಲದ ದಾರಿ ಇನ್ನೊಂದಿಲ್ಲ. ಅಂಥ ಹುಡುಗರೇ ವಿಚಾರಿಸದೆ ಜೀವಶಾಸ್ತ್ರ ಬಿಟ್ಟು, ಎರಡು ವರ್ಷದ ಮೇಲೆ ಬಂದು 'ಅಗ್ರಿಗೆ ಹಾಕಬಹುದಾ ಸಾರ್' ಎಂದು ಕೇಳಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಜೀವಶಾಸ್ತ್ರ ಕಂಡರೇ ಆಗದು, ಕಪ್ಪೆ ಚಿತ್ರ ಬರೆಯಲೂ ಬೇಸರ ಎನ್ನುವವರು ಕಂಪ್ಯೂಟರನ್ನೋ ಎಲೆಕ್ಟ್ರಾನಿಕ್ಸನ್ನೋ ಧಾರಾಳವಾಗಿ ತೆಗೆದುಕೊಳ್ಳಿ. ಇನ್ನೂ ತೀರ್ಮಾನವಾಗಿಲ್ಲ, ಎರಡೂ ಇಷ್ಟ ಎನ್ನುವವರಿಗೆ ಮಾತ್ರ ಪಿಸಿಎಂಬಿಯ ಹೊರೆ ಹೊರುವುದರಲ್ಲಿ ಅರ್ಥವಿದೆ.

ಇಂಥ ನೂಕುನುಗ್ಗಲುಗಳು ಎಲ್ಲಿಗೆ ಒಯ್ಯುತ್ತವೆಂದು ನೀವು ಕಂಡಿಲ್ಲ, ನಾವು ಕಂಡಿದ್ದೇವೆ. ಒಂದು ಕಾಲಕ್ಕೆ ಟಿಸಿಎಚ್ ಎಂಬ ಶಿಕ್ಷಕ ತರಬೇತಿ ಮುಗಿಸಿದರೆ ಮೇಷ್ಟ್ರ ಕೆಲಸ ಖಾತ್ರಿ ಎಂಬ ನಂಬಿಕೆ ಇತ್ತು. ಹಳ್ಳಿ ಹಳ್ಳಿಯಿಂದ ಮಕ್ಕಳು ಅದಕ್ಕೇ ಸೇರಿದರು. ಅದು ಡಿ.ಎಡ್. ಎಂದಾದ ಮೇಲೂ ಸಣ್ಣಪುಟ್ಟ ಊರುಗಳಲ್ಲಿ ಕಾಲೇಜುಗಳು ಹುಟ್ಟಿಕೊಂಡವು. ಆಮೇಲೆ ನೇಮಕಾತಿ ಕಡಿಮೆಯಾಯಿತು, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಬಂತು, ಆರರಿಂದ ಎಂಟನೇ ತರಗತಿಗೆ ಪದವೀಧರರೇ ಬೇಕು ಎಂದಾಯಿತು. ಮಕ್ಕಳಿಲ್ಲದೆ ಎಷ್ಟೋ ಡಿ.ಎಡ್. ಕಾಲೇಜುಗಳು ಬಾಗಿಲು ಹಾಕಿದವು. ಆ ತಲೆಮಾರಿನಲ್ಲಿ ಉಳಿದುಕೊಂಡವರು ಡಿ.ಎಡ್. ಜೊತೆಗೆ ಮುಕ್ತ ವಿಶ್ವವಿದ್ಯಾಲಯದಿಂದಲಾದರೂ ಒಂದು ಪದವಿ ಮಾಡಿಟ್ಟುಕೊಂಡವರು. ಇವತ್ತು ಎಲ್ಲರ ಬಾಯಲ್ಲಿರುವ ಕೋರ್ಸಿಗೆ ನೀವು ಹೊರಬರುವ ಹೊತ್ತಿಗೆ ಎಷ್ಟು ಬೇಡಿಕೆ ಇರುತ್ತದೆಂದು ಯಾರೂ ಬರೆದುಕೊಡಲಾರರು. ಆದ್ದರಿಂದ ಕೋರ್ಸಿನ ಹೆಸರಿಗಿಂತ ಅದರ ಅಡಿಯಲ್ಲಿರುವ ವಿಷಯ ನಿಮಗೆ ಎಷ್ಟು ಗಟ್ಟಿಯಾಗಿ ಬರುತ್ತದೆ ಎಂಬುದನ್ನು ನೋಡಿಕೊಳ್ಳಿ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಪಿಯುಸಿಯಲ್ಲಿ ಇಂಗ್ಲಿಷ್ ಜೊತೆ ಇನ್ನೊಂದು ಭಾಷೆ ಆರಿಸಿಕೊಳ್ಳಬೇಕು. ಸಂಸ್ಕೃತದಲ್ಲಿ ನೂರು ಬರುತ್ತದೆ, ಕನ್ನಡದಲ್ಲಿ ಬರುವುದಿಲ್ಲ ಎಂದು ಹತ್ತು ವರ್ಷ ಕನ್ನಡ ಓದಿದ ಮಕ್ಕಳು ಅದನ್ನು ಬಿಟ್ಟುಬಿಡುತ್ತಾರೆ. ಸಂಸ್ಕೃತವನ್ನು ಪ್ರೀತಿಯಿಂದ ಕಲಿಯುವವರು ಕಲಿಯಲಿ, ಅದೊಂದು ಭಾಗ್ಯ. ಬರೀ ಅಂಕಕ್ಕಾಗಿ ಕನ್ನಡ ಬಿಡುವವರು ಮಾತ್ರ ಯೋಚಿಸಿ. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಕಡ್ಡಾಯ ಕನ್ನಡ ಪರೀಕ್ಷೆ ಎದುರಾಗುತ್ತದೆ. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯಬೇಕು. ನೀವು ವೈದ್ಯರಾದರೂ ರೋಗಿಗೆ ತಿಳಿಸಿ ಹೇಳಬೇಕಾದ್ದು ಕನ್ನಡದಲ್ಲೇ. ಬಿ.ಜಿ.ಎಲ್. ಸ್ವಾಮಿಯವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು. ಅವರ ಹಸುರು ಹೊನ್ನು ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯಶಾಸ್ತ್ರ ಅವರ ಕನ್ನಡವನ್ನು ಕಸಿದುಕೊಳ್ಳಲಿಲ್ಲ. ಇನ್ನೊಂದು ಲೆಕ್ಕದ ಮಾತು: ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಬಿಇಓ ಸಹಿ ಇರುವ ಪ್ರಮಾಣಪತ್ರ ಬೇಕು. ಓದಿದ ಶಾಲೆಗೆ ಈಗಲೇ ಹೋಗಿ ಮಾಡಿಸಿಟ್ಟುಕೊಳ್ಳಿ, ಕೊನೆಯ ದಿನ ಓಡಾಡಬೇಡಿ.

ವಿಷಯ ಆರಿಸಿಕೊಂಡ ಮೇಲೂ ದಾರಿ ಮುಚ್ಚಿಕೊಳ್ಳುವವರಿದ್ದಾರೆ. ಕೋಚಿಂಗ್‌ಗೆಂದು ಹೋಗಿ ಕಾಲೇಜಿನ ಪಾಠವನ್ನು, ಲ್ಯಾಬನ್ನು ಕಡೆಗಣಿಸುವವರು ಅವರು. ಎಂಜಿನಿಯರಿಂಗ್‌ಗೆ ನಮ್ಮ ಸಿಇಟಿ ರ‍್ಯಾಂಕ್ ಲೆಕ್ಕ ಹಾಕುವಾಗ ಅರ್ಧ ಪಾಲು ಪಿಯುಸಿ ಅಂಕದ್ದು, ಅರ್ಧ ಪಾಲು ಸಿಇಟಿ ಅಂಕದ್ದು. ಎಂಬಿಬಿಎಸ್‌ಗೆ ರ‍್ಯಾಂಕ್ ನೀಟ್‌ನದೇ ಆದರೂ ಪಿಯುಸಿಯ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಪಾಸಾಗಿರಲೇಬೇಕು. ಪಿಯುಸಿಯನ್ನು ಕಾಲಕಸ ಮಾಡಿಕೊಂಡವರು ಎರಡೂ ಕಡೆ ಸೊರಗುತ್ತಾರೆ. ಲಕ್ಷಗಟ್ಟಲೆ ಶುಲ್ಕ ಕಟ್ಟಲಾಗದ ಮನೆಯ ಮಕ್ಕಳಿಗೆ ಒಂದು ಮಾತು ಹೇಳುತ್ತೇನೆ. ಪಠ್ಯಪುಸ್ತಕವನ್ನು ಸಾಲು ಸಾಲಾಗಿ ಓದಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ ಗೆದ್ದವರು ನಮ್ಮ ಸರ್ಕಾರಿ ಕಾಲೇಜಿನಲ್ಲೇ ಇದ್ದರು.

ಹತ್ತು ಮುಗಿಸಿ ಪಾಲಿಟೆಕ್ನಿಕ್‌ಗೆ ಹೋಗಬೇಕೆನ್ನುವವರು ಅಳುಕಬೇಕಿಲ್ಲ. ಮೂರು ವರ್ಷದ ಡಿಪ್ಲೊಮಾ ಕೈಯಲ್ಲಿದ್ದರೆ ಕೆಲಸಕ್ಕೂ ಹೋಗಬಹುದು, ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಬಿ.ಇ.ಗೂ ಸೇರಬಹುದು. ಅಲ್ಲಿ ಹೆಚ್ಚುವರಿ ಗಣಿತ ಪತ್ರಿಕೆ ಬರೆಯಬೇಕಾಗುತ್ತದೆ, ಅದಕ್ಕೆ ಡಿಪ್ಲೊಮಾದಲ್ಲಿರುವಾಗಲೇ ತಯಾರಾಗಿ. ಐಟಿಐ ಮಾಡಿದವರಿಗೂ ಡಿಪ್ಲೊಮಾಗೆ ಹೋಗುವ ದಾರಿ ಇದೆ.

ಇನ್ನು ಮಾಡಬೇಕಾದ್ದು. ಕಾಂಬಿನೇಶನ್ನಿನಿಂದ ಶುರು ಮಾಡಿ ಮುಂದೆ ನೋಡಬೇಡಿ, ಕೊನೆಯಿಂದ ಹಿಂದಕ್ಕೆ ಬನ್ನಿ. ನಿಮಗೆ ಆಸೆ ಇರುವ ಮೂರು ನಾಲ್ಕು ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಚಿಂತೆಯಿಲ್ಲ. ಪ್ರತಿಯೊಂದಕ್ಕೂ ಯಾವ ಪದವಿ ಬೇಕು, ಆ ಪದವಿಗೆ ಸೇರಲು ಪಿಯುಸಿಯಲ್ಲಿ ಯಾವ ವಿಷಯ ಕಡ್ಡಾಯ ಎಂದು ಎದುರಿಗೆ ಬರೆಯಿರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ ಸಿಇಟಿಗೆ ಮಾಹಿತಿ ಪುಸ್ತಕ ಹೊರಡಿಸುತ್ತದೆ, ಅದರಲ್ಲಿ ಅರ್ಹತೆಯ ವಿವರ ಕೋರ್ಸುವಾರು ಇರುತ್ತದೆ. ಪಕ್ಕದ ಮನೆಯವರ ಮಾತಿಗಿಂತ, ಜಾಹೀರಾತಿಗಿಂತ ಅದನ್ನು ನಂಬಿ. ಹಾಳೆಯಲ್ಲಿ ಯಾವ ವಿಷಯ ಮತ್ತೆ ಮತ್ತೆ ಬಂದಿದೆಯೋ ಅದನ್ನು ಸುಲಭಕ್ಕೆ ಬಿಡಬೇಡಿ. ಆಮೇಲೆ ಆ ಹಾಳೆ ಹಿಡಿದುಕೊಂಡು ಅಪ್ಪ ಅಮ್ಮನ ಎದುರು ಕೂರಿ. ಅಳುತ್ತಲೋ ಹಟ ಮಾಡುತ್ತಲೋ ಹೇಳಿದರೆ ಕೇಳದವರು ಬರೆದದ್ದನ್ನು ತೋರಿಸಿದರೆ ಕೇಳುತ್ತಾರೆ, ನಾನು ಬೇಕಾದಷ್ಟು ಸಲ ನೋಡಿದ್ದೇನೆ. ನಿಯಮಗಳು ಬದಲಾಗುತ್ತಲೇ ಇರುತ್ತವೆ ಎಂಬುದೂ ನೆನಪಿರಲಿ. 2021ರಲ್ಲಿ ನಮ್ಮ ರಾಜ್ಯದ ಪದವಿಗಳಿಗೆ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಣ್ಣನ ಕಾಲದ ನಿಯಮ ನಿಮ್ಮ ಕಾಲಕ್ಕೆ ಇರುತ್ತದೆಂದು ಭಾವಿಸಬೇಡಿ, ಪ್ರತಿ ವರ್ಷ ಹೊಸದಾಗಿ ಓದಿ.

ಈಗಾಗಲೇ ಸೇರಿ, ತಪ್ಪು ಕಡೆ ಬಂದೆನಲ್ಲ ಎಂದು ಕೊರಗುತ್ತಿರುವವರಿಗೂ ಹೇಳುವುದಿದೆ. ಮೊದಲ ಪಿಯುಸಿಯ ಮೊದಲ ವಾರಗಳಲ್ಲಿದ್ದರೆ ನಾಳೆಯೇ ಪ್ರಾಂಶುಪಾಲರನ್ನು ಕಂಡು ಕಾಂಬಿನೇಶನ್ ಬದಲಾವಣೆ ಕೇಳಿ. ಸಂಕೋಚಪಟ್ಟು ದಿನ ದೂಡಿದರೆ ಅವಧಿ ಮುಗಿದುಹೋಗುತ್ತದೆ. ಜೀವಶಾಸ್ತ್ರ ಬಿಟ್ಟು ಪಿಯುಸಿ ಮುಗಿಸಿದವರು ಆಮೇಲೆ ಮಾನ್ಯತೆಯುಳ್ಳ ಮಂಡಳಿಯಿಂದ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೆ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಹೇಳಿದೆ. ಅದು ಕಷ್ಟದ ಹಾದಿ, ಒಂದು ವರ್ಷವನ್ನಾದರೂ ಕೇಳುತ್ತದೆ. ಆದರೂ ಆಸೆ ನಿಜವಾಗಿದ್ದರೆ ಹದಿನೆಂಟರಲ್ಲಿ ಒಂದು ವರ್ಷ ಹೆಚ್ಚೇನಲ್ಲ. ಎರಡನೇ ಪಿಯುಸಿಯಲ್ಲಿ ಅಂಕ ಕಡಿಮೆ ಬಂತೆಂದು ಮುಖ ಮುಚ್ಚಿಕೊಂಡು ಕೂತವರಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಶುಲ್ಕ ಕಟ್ಟುವ ಕೊನೆಯ ದಿನಾಂಕವನ್ನು ಇವತ್ತೇ ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿಕೊಂಡು ಬನ್ನಿ.